ಬರಿಗೈ ಪುಟ್ಟ ಮತ್ತು ಮೊಣಕಾಲಿನ ಗೋಡೆ

ಹತ್ತಿರ ಬನ್ನಿ. ಕಾಲು ಚಾಚಿ ಕೂತುಕೊಳ್ಳಿ. ಇದು ದೂರದ ಊರಿನ ಕಥೆಯಲ್ಲ. ಮೈಯೊಳಗಿನ ಊರಿನ ಕಥೆ. ಮೈಯೊಳಗೆ ಊರು ಇರುತ್ತದೆಯೇ ಎಂದರೆ, ಇರುತ್ತದೆ. ತುಂಬ ತುಂಬ ಚಿಕ್ಕದು. ಅದಕ್ಕೇ ಕಣ್ಣಿಗೆ ಕಾಣುವುದಿಲ್ಲ.

ಚಿಕ್ಕತಾಯಿ ಎಂಬ ಹುಡುಗಿ ಇದ್ದಳು. ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದಳು. ಕುಂಟೆಬಿಲ್ಲೆ ಎಂದರೆ ಒಂದೇ ಕಾಲಲ್ಲಿ ಕುಂಟುತ್ತ ಆಡುವ ಆಟ. ಕುಂಟಿದಳು, ಕುಂಟಿದಳು, ಬಿದ್ದಳು. ಮೊಣಕಾಲು ಕಲ್ಲಿಗೆ ತರಚಿತು. ಹುಣಸೆಬೀಜದಷ್ಟು ಚರ್ಮ ಹೋಯಿತು.

ಹುಣಸೆಬೀಜ ಎಷ್ಟು ದೊಡ್ಡದು? ದೊಡ್ಡದೇನಲ್ಲ. ಆದರೆ ಮೊಣಕಾಲಿನ ಊರಿನವರಿಗೆ ಅದು ದೊಡ್ಡದು. ಅದು ಅವರ ಊರಿನ ಗೋಡೆ. ಗೋಡೆ ಹೋಯಿತು.

ಆ ಊರಲ್ಲಿ ಕೆಂಪಿ ಇದ್ದಳು. ಕೆಂಪಿ ಎಂದರೆ ರಕ್ತದ ಒಂದು ಕಣ. ಕೆಂಪಗಿದ್ದಳು, ದುಂಡಗಿದ್ದಳು. ಅವಳಿಗೆ ಒಬ್ಬಳು ಅಜ್ಜಿ. ಗೋಡೆ ಬಿದ್ದಾಗ ಅಜ್ಜಿಯ ಓಣಿಯೂ ಮುರಿಯಿತು. ಓಣಿ ಎಂದರೆ ರಕ್ತ ಓಡಾಡುವ ಸಣ್ಣ ದಾರಿ. ಅಜ್ಜಿ ಅಂಚಿನಲ್ಲಿ ಸಿಕ್ಕಿಕೊಂಡಳು. ಆಚೆಗೆ ಹೋದರೆ ಹೊರಗೆ ಬೀಳುತ್ತಾಳೆ. ಈಚೆಗೆ ಬರಲು ದಾರಿಯಿಲ್ಲ.

ಗಾಯದ ಮೇಲೆ ಹಕ್ಕಳೆ ಕಟ್ಟಿತ್ತು, ನಿಜ. ಹಕ್ಕಳೆ ಎಂದರೆ ಗಾಯದ ಮೇಲೆ ಒಣಗಿ ಕೂರುವ ಕಂದು ಮುಚ್ಚಳ. ಆದರೆ ಮುಚ್ಚಳ ಗೋಡೆಯಲ್ಲ. ಮೊಣಕಾಲು ಮಡಚಿದರೆ ಹಕ್ಕಳೆ ಬಿರಿಯುತ್ತದೆ. ಹಕ್ಕಳೆ ಬಿರಿದರೆ ಅಂಚಿನಲ್ಲಿದ್ದವರು ಹೊರಗೆ ಬೀಳುತ್ತಾರೆ. ಹೊರಗೆ ಬಿದ್ದವರು ಮತ್ತೆ ಬರುವುದಿಲ್ಲ. ಕೆಂಪಿಯ ಅಕ್ಕಪಕ್ಕದವರು ಎಷ್ಟೋ ಜನ ಹಾಗೆ ಬಿದ್ದಿದ್ದರು. ಯಾರೂ ಬಂದಿರಲಿಲ್ಲ.

ಹೊರಗಿನಿಂದ ಚಿಕ್ಕತಾಯಿಯ ಅಮ್ಮನ ದನಿ ಕೇಳಿತು.

"ಕಾಲು ಮಡಚಬೇಡ ಕಣೇ. ಹಕ್ಕಳೆ ಕಿತ್ತುಬರ್ತದೆ."

"ಎಷ್ಟೊತ್ತಮ್ಮ ಹಿಂಗೇ ಕೂತಿರೋದು?" ಎಂದಳು ಚಿಕ್ಕತಾಯಿ.

ಕೆಂಪಿ ಅಜ್ಜಿಯ ಕಡೆ ನೋಡಿದಳು. "ಅಜ್ಜೀ, ಗಟ್ಟಿಯಾಗಿ ಹಿಡ್ಕೊಂಡಿರು. ನಾನು ಗೋಡೆ ತರ್ತೀನಿ."

"ಗೋಡೆನ ತರಕ್ಕಾಗಲ್ಲ ಮಗಾ," ಎಂದಳು ಅಜ್ಜಿ. "ಕಟ್ಟಿಸಬೇಕು. ಬೇಗ ಹೋಗು."

ಕೆಂಪಿ ಹೋದಳು.

ಹೋದಳು, ಹೋದಳು, ಮೇಸ್ತ್ರಿ ಮಾಮನ ಹತ್ತಿರ ಹೋದಳು. ಮೇಸ್ತ್ರಿ ಮಾಮ ಗೋಡೆ ಕಟ್ಟುವವರು.

"ಮಾಮ, ಮಾಮ. ನಮ್ಮ ಗೋಡೆ ಹೋಯ್ತು. ಅಜ್ಜಿ ಅಂಚಲ್ಲಿ ಸಿಕ್ಕಿಕೊಂಡ್ಲು. ಗೋಡೆ ಕಟ್ಟಿಕೊಡಿ."

ಮೇಸ್ತ್ರಿ ಮಾಮ ಖಾಲಿ ಕೈ ತೋರಿಸಿದರು. "ಏನಿಟ್ಟು ಕಟ್ಟಲಿ?"

ಮೈಯೊಳಗಿನ ಗೋಡೆ ಇಟ್ಟಿಗೆಯದಲ್ಲ. ಮಣ್ಣಿನದಲ್ಲ. ಅದು ಹಗ್ಗದ ಗೋಡೆ. ಹಗ್ಗದ ಪಕ್ಕ ಹಗ್ಗ, ಹಗ್ಗದ ಮೇಲೆ ಹಗ್ಗ. ಅದಕ್ಕೇ ಚರ್ಮ ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕೂರುತ್ತದೆ. ಬೇಕಾದರೆ ಕೈಯ ಮೇಲೆ ಎಳೆದು ನೋಡಿ. ಮೆಲ್ಲಗೆ ಎಳೆಯಿರಿ.

"ಹಗ್ಗ ಇಲ್ಲ. ಗೋಡೆ ಕಟ್ಟಲ್ಲ," ಎಂದರು ಮೇಸ್ತ್ರಿ ಮಾಮ. "ಕತ್ತರಿ ಚಿಕ್ಕಮ್ಮನ್ನ ಕೇಳು."

ಹೋದಳು, ಹೋದಳು, ಕತ್ತರಿ ಚಿಕ್ಕಮ್ಮನ ಹತ್ತಿರ ಹೋದಳು. ಚಿಕ್ಕಮ್ಮ ಹಗ್ಗ ಮಾಡುವ ಮನೆಯ ಹೆಬ್ಬಾಗಿಲ ಹೊರಗೆ ಕೂತಿದ್ದರು. ಕೈಯಲ್ಲಿ ಕತ್ತರಿ ಇತ್ತು.

"ಚಿಕ್ಕಮ್ಮ, ಚಿಕ್ಕಮ್ಮ. ನಮ್ಮ ಗೋಡೆ ಹೋಯ್ತು. ಅಜ್ಜಿ ಅಂಚಲ್ಲಿ ಸಿಕ್ಕಿಕೊಂಡ್ಲು. ಮೇಸ್ತ್ರಿ ಮಾಮ ಗೋಡೆ ಕಟ್ಟಲ್ಲ, ಹಗ್ಗ ಇಲ್ಲ. ನೀವು ಹಗ್ಗ ಕೊಡಿ."

"ನಾನು ತುದಿ ಕತ್ತರಿಸೋಳಮ್ಮ," ಎಂದರು ಚಿಕ್ಕಮ್ಮ. "ಒಳಗಿಂದ ಹುರಿ ಬರ್ತದೆ. ಹುರಿಗೆ ಎರಡು ಕಡೆ ಜುಟ್ಟು ಇರ್ತದೆ. ಜುಟ್ಟು ಕತ್ತರಿಸಿದ್ರೆ ಹಗ್ಗ."

ಜುಟ್ಟು ಯಾಕೆ ಎಂದರೆ, ಹೇಳುತ್ತೇನೆ. ಜುಟ್ಟು ಇರುವತನಕ ಹುರಿಗಳು ಒಂದಕ್ಕೊಂದು ಅಂಟುವುದಿಲ್ಲ. ಜುಟ್ಟು ಇಲ್ಲದಿದ್ದರೆ ಮನೆಯೊಳಗೇ ಅಂಟಿಕೊಂಡು, ಮನೆಯೊಳಗೇ ಗೋಡೆ ಎದ್ದುಬಿಡುತ್ತದೆ. ಆಮೇಲೆ ಬಾಗಿಲು ದಾಟಿ ಹೊರಗೆ ಬರುವುದು ಹೇಗೆ? ಅದಕ್ಕೇ ಜುಟ್ಟನ್ನು ಹೊರಗೆ ಬಂದ ಮೇಲೆ ಕತ್ತರಿಸಬೇಕು. ಒಳಗೆ ಕತ್ತರಿಸಬಾರದು.

"ಈಗ ಹುರಿ ಇಲ್ಲ. ತುದಿ ಕತ್ತರಿಸಲ್ಲ," ಎಂದರು ಕತ್ತರಿ ಚಿಕ್ಕಮ್ಮ. "ಬರೀ ಗಾಳಿ ಕತ್ತರಿಸ್ಲಾ? ಹುರಿ ತಾತನ್ನ ಕೇಳು."

ಹೋದಳು, ಹೋದಳು, ಹುರಿ ತಾತನ ಹತ್ತಿರ ಹೋದಳು. ತಾತ ಮೂರು ಎಳೆ ಹಿಡಿದು ಕೂತಿದ್ದರು. ಒಂದು ಎಳೆ, ಎರಡು ಎಳೆ, ಮೂರು ಎಳೆ. ಮೂರನ್ನೂ ಸೇರಿಸಿ ಹೊಸೆಯುವುದು ತಾತನ ಕೆಲಸ. ಹೊಸೆಯುವುದು ಎಂದರೆ ಒಂದರ ಸುತ್ತ ಒಂದು ತಿರುಚಿ ಸುತ್ತುವುದು. ಹೊಸೆದದ್ದಕ್ಕೆ ಹುರಿ ಎನ್ನುತ್ತಾರೆ.

"ತಾತ, ತಾತ. ನಮ್ಮ ಗೋಡೆ ಹೋಯ್ತು. ಅಜ್ಜಿ ಅಂಚಲ್ಲಿ ಸಿಕ್ಕಿಕೊಂಡ್ಲು. ಮೇಸ್ತ್ರಿ ಮಾಮ ಗೋಡೆ ಕಟ್ಟಲ್ಲ, ಹಗ್ಗ ಇಲ್ಲ. ಕತ್ತರಿ ಚಿಕ್ಕಮ್ಮ ತುದಿ ಕತ್ತರಿಸಲ್ಲ, ಹುರಿ ಇಲ್ಲ. ನೀವು ಹುರಿ ಹೊಸೆದುಕೊಡಿ."

"ನೋಡವ್ವ, ನೀನೇ ನೋಡು," ಎಂದರು ತಾತ.

ತಾತ ಹೊಸೆದರು. ಎಳೆ ಬಿಚ್ಚಿಕೊಂಡಿತು. ತಾತ ಮತ್ತೆ ಹೊಸೆದರು. ಎಳೆ ಮತ್ತೆ ಬಿಚ್ಚಿಕೊಂಡಿತು.

"ನಡುವೆ ಏನೋ ಉಬ್ಬಿದೆ. ಮೂರೂ ಒಟ್ಟಿಗೆ ಕೂರ್ತಾ ಇಲ್ಲ. ಎಳೆ ಸರಿಯಿಲ್ಲ. ಹುರಿ ಹೊಸೆಯಲ್ಲ," ಎಂದರು ಹುರಿ ತಾತ. "ಕೊಂಡಿ ಅತ್ತೆನ ಕೇಳು."

ಆಗ ಊರೆಲ್ಲ ನಡುಗಿತು. ಯಾಕೆ ನಡುಗಿತು? ಚಿಕ್ಕತಾಯಿ ಕಾಲು ಅಲ್ಲಾಡಿಸಿದ್ದಳು.

"ಅಮ್ಮಾ, ಕಾಲು ಮರ ಆಗೋಯ್ತು."

"ಮರ ಆದ್ರೆ ಹಣ್ಣು ಬಿಡ್ತದೆ. ಸುಮ್ಮನೆ ಕೂತ್ಕೊ."

ಕೆಂಪಿ ಅಜ್ಜಿಯನ್ನು ನೆನೆದಳು. ಬೇಗ ಬೇಗ ಹೋದಳು.

ಹೋದಳು, ಹೋದಳು, ಕೊಂಡಿ ಅತ್ತೆಯ ಹತ್ತಿರ ಹೋದಳು. ಅತ್ತೆ ಎಳೆಗಳಿಗೆ ಪುಟ್ಟ ಪುಟ್ಟ ಕೊಂಡಿ ಹಾಕುತ್ತಾರೆ. ಕೊಂಡಿ ಇದ್ದರೆ ಒಂದು ಎಳೆ ಇನ್ನೊಂದನ್ನು ಹಿಡಿದುಕೊಳ್ಳುತ್ತದೆ. ಮೈಯ ಬಿಸಿಗೂ ಬಿಚ್ಚಿಕೊಳ್ಳುವುದಿಲ್ಲ. ಅತ್ತೆ ಕಬ್ಬಿಣದ ಇಕ್ಕುಳ ಉಜ್ಜುತ್ತ ಕೂತಿದ್ದರು. ನೆಲ್ಲಿಕಾಯಿ ಹುಳಿಯಿಂದ ಉಜ್ಜುತ್ತಿದ್ದರು. ಹುಳಿ ಇಲ್ಲದಿದ್ದರೆ ಇಕ್ಕುಳಕ್ಕೆ ತುಕ್ಕು ಹಿಡಿಯುತ್ತದೆ. ಮಕ್ಕಳು ನೆಲ್ಲಿಕಾಯಿ, ನಿಂಬೆ, ಸೀಬೆ ತಿನ್ನಬೇಕು ಎನ್ನುವುದು ಅದಕ್ಕೇ.

"ಅತ್ತೆ, ಅತ್ತೆ. ನಮ್ಮ ಗೋಡೆ ಹೋಯ್ತು. ಅಜ್ಜಿ ಅಂಚಲ್ಲಿ ಸಿಕ್ಕಿಕೊಂಡ್ಲು. ಮೇಸ್ತ್ರಿ ಮಾಮ ಗೋಡೆ ಕಟ್ಟಲ್ಲ, ಹಗ್ಗ ಇಲ್ಲ. ಕತ್ತರಿ ಚಿಕ್ಕಮ್ಮ ತುದಿ ಕತ್ತರಿಸಲ್ಲ, ಹುರಿ ಇಲ್ಲ. ಹುರಿ ತಾತ ಹುರಿ ಹೊಸೆಯಲ್ಲ, ಎಳೆ ಸರಿಯಿಲ್ಲ. ನೀವು ಎಳೆಗೆ ಸರಿಯಾಗಿ ಕೊಂಡಿ ಹಾಕಿಕೊಡಿ."

ಅತ್ತೆಗೆ ಕೋಪ ಬಂತು. "ಆ ಮುದುಕ ನನ್ನ ಮೇಲೆ ಹೇಳಿದ್ನಾ? ನನ್ನ ಇಕ್ಕುಳ ನೋಡು. ಹೊಳೀತಾ ಇದೆ. ನನ್ನ ಕೊಂಡಿ ನೋಡು. ಒಂದೂ ತಪ್ಪಿಲ್ಲ. ತಪ್ಪು ಸರದಲ್ಲಿದೆ."

ಸರ ಎಂದರೆ ಮಣಿಸರ. ಎಳೆಗಳೆಲ್ಲ ಮೊದಲು ಮಣಿಸರವಾಗಿರುತ್ತವೆ. ಮಣಿಯ ಪಕ್ಕ ಮಣಿ, ಮಣಿಯ ಪಕ್ಕ ಮಣಿ.

"ಸರ ಸರಿಯಿಲ್ಲ. ಇನ್ನು ಕೊಂಡಿ ಹಾಕಲ್ಲ," ಎಂದರು ಕೊಂಡಿ ಅತ್ತೆ. "ಸರದ ದೊಡ್ಡಮ್ಮನ್ನ ಕೇಳು."

ಹೋದಳು, ಹೋದಳು, ಸರದ ದೊಡ್ಡಮ್ಮನ ಹತ್ತಿರ ಹೋದಳು. ದೊಡ್ಡಮ್ಮ ಮಣಿಗಳನ್ನು ಕರೆದು, ಸಾಲಾಗಿ ಕೂರಿಸಿ, ಸರ ಮಾಡುತ್ತಾರೆ.

"ದೊಡ್ಡಮ್ಮ, ದೊಡ್ಡಮ್ಮ. ನಮ್ಮ ಗೋಡೆ ಹೋಯ್ತು. ಅಜ್ಜಿ ಅಂಚಲ್ಲಿ ಸಿಕ್ಕಿಕೊಂಡ್ಲು. ಮೇಸ್ತ್ರಿ ಮಾಮ ಗೋಡೆ ಕಟ್ಟಲ್ಲ, ಹಗ್ಗ ಇಲ್ಲ. ಕತ್ತರಿ ಚಿಕ್ಕಮ್ಮ ತುದಿ ಕತ್ತರಿಸಲ್ಲ, ಹುರಿ ಇಲ್ಲ. ಹುರಿ ತಾತ ಹುರಿ ಹೊಸೆಯಲ್ಲ, ಎಳೆ ಸರಿಯಿಲ್ಲ. ಕೊಂಡಿ ಅತ್ತೆ ಕೊಂಡಿ ಹಾಕಲ್ಲ, ಸರ ಸರಿಯಿಲ್ಲ. ನೀವು ಬೇರೆ ಸರ ಪೋಣಿಸಿಕೊಡಿ."

ದೊಡ್ಡಮ್ಮ ತಲೆ ತಗ್ಗಿಸಿದರು.

"ನಮ್ಮತ್ತೆ ಕಾಲದಿಂದ ಒಂದೇ ಲೆಕ್ಕ," ಎಂದರು. "ಒಂದು ಮಣಿ, ಇನ್ನೊಂದು ಮಣಿ, ಆಮೇಲೆ ಪುಟ್ಟ. ಒಂದು ಮಣಿ, ಇನ್ನೊಂದು ಮಣಿ, ಆಮೇಲೆ ಪುಟ್ಟ. ಮೂರನೇ ಜಾಗ ಯಾವಾಗಲೂ ಪುಟ್ಟಂದು."

ಪುಟ್ಟ ಎಂದರೆ ಎಲ್ಲಕ್ಕಿಂತ ಚಿಕ್ಕ ಮಣಿ. ಬೇರೆ ಮಣಿಗಳ ಬೆನ್ನ ಮೇಲೆ ಒಂದೊಂದು ಗಂಟು ಇರುತ್ತದೆ. ಒಬ್ಬರದು ದೊಡ್ಡ ಗಂಟು, ಒಬ್ಬರದು ಸಣ್ಣ ಗಂಟು. ಪುಟ್ಟನ ಬೆನ್ನ ಮೇಲೆ ಏನೂ ಇಲ್ಲ. ಬರಿಗೈ. ಪುಟ್ಟ ಒಬ್ಬನೇ ಅಲ್ಲ, ಅವನಂಥ ಅಣ್ಣತಮ್ಮಂದಿರು ನೂರಾರು. ಎಲ್ಲರೂ ಬರಿಗೈ.

"ಮತ್ತೆ ಪುಟ್ಟ ಎಲ್ಲಿ ದೊಡ್ಡಮ್ಮ?" ಎಂದಳು ಕೆಂಪಿ.

"ನಾನೇ ಕಳಿಸಿದೆ ಕಣಮ್ಮ. ಅವತ್ತು ಎಲ್ಲರೂ ಗಂಟು ಹೊತ್ಕೊಂಡು ಬಂದ್ರು. ಇವನು ಕೈ ಬೀಸ್ಕೊಂಡು ಬಂದ. ಯಾರ ಮನೆಗಾದ್ರೂ ಬರಿಗೈಲಿ ಹೋಗ್ತಾರಾ? ಒಂದು ಬಾಳೆಹಣ್ಣಾದ್ರೂ ಹಿಡ್ಕೊಂಡು ಹೋಗ್ತಾರೆ. ನಾನು ಎಲ್ಲರ ಮುಂದೆ ಕೇಳ್ಬಿಟ್ಟೆ. 'ಏನಪ್ಪ, ಬರಿಗೈಲಿ ಬಂದ್ಯಾ?' ಅಂದೆ. ಅವನು ಎದ್ದು ಹೋದ. ಅವನ ಅಣ್ಣತಮ್ಮಂದಿರೂ ಎದ್ದು ಹೋದ್ರು. ಆ ಜಾಗದಲ್ಲಿ ಗಂಟಿರೋ ಮಣಿ ಕೂರಿಸ್ದೆ. ಸರ ಚೆನ್ನಾಗೇ ಕಾಣ್ತಿತ್ತು."

"ಆದರೆ ಹುರಿ ಆಗ್ತಾ ಇಲ್ಲ."

"ಪುಟ್ಟ ಇಲ್ಲ. ಬೇರೆ ಸರ ಪೋಣಿಸಕ್ಕಾಗಲ್ಲ," ಎಂದರು ದೊಡ್ಡಮ್ಮ. "ಯಾವ ಮುಖ ಇಟ್ಕೊಂಡು ಕರೀಲಿ? ನೀನು ಕರೆದು ನೋಡು. ಇದನ್ನೂ ತಗೊಂಡು ಹೋಗು."

ದೊಡ್ಡಮ್ಮ ಒಂದು ಚಂದದ ಗಂಟು ಕೊಟ್ಟರು. "ಇದನ್ನ ಹೊತ್ಕೊಂಡು ಬರಲಿ. ಯಾರೂ ಏನೂ ಅನ್ನಲ್ಲ."

ಕೆಂಪಿಯ ಬೆನ್ನ ಮೇಲೆ ಆಗಲೇ ಒಂದು ಗಂಟಿತ್ತು. ಉಸಿರಿನ ಗಂಟು. ರಕ್ತದವರು ಮೈಗೆಲ್ಲ ಉಸಿರು ಹೊತ್ತು ಹಂಚುತ್ತಾರಲ್ಲ, ಅದು. ಈಗ ಎರಡು ಗಂಟಾಯಿತು. ಎರಡೂ ಹೊತ್ತಳು.

ಹೋದಳು, ಹೋದಳು, ಊರಿನ ಕೊನೆಗೆ ಹೋದಳು. ಅಲ್ಲಿ ಒಂದು ಸಂದಿ. ಸಂದಿಯೊಳಗೆ ಕತ್ತಲೆ. ಕತ್ತಲೆಯಲ್ಲಿ ಪುಟ್ಟ ಮತ್ತು ಅವನ ಅಣ್ಣತಮ್ಮಂದಿರು.

ಕೆಂಪಿ ನುಗ್ಗಿದಳು. ಆಗಲಿಲ್ಲ. ಅಡ್ಡಡ್ಡ ನುಗ್ಗಿದಳು. ಆಗಲಿಲ್ಲ. ಗಂಟು ತಡೆಯುತ್ತಿತ್ತು. ದೊಡ್ಡಮ್ಮ ಕೊಟ್ಟ ಗಂಟು ಕೆಳಗಿಟ್ಟಳು. ಆಗಲೂ ಆಗಲಿಲ್ಲ. ಉಸಿರಿನ ಗಂಟನ್ನೂ ಕೆಳಗಿಟ್ಟಳು. ಮೈ ಮಡಚಿಕೊಂಡಳು. ಒಳಗೆ ಹೋದಳು.

"ಪುಟ್ಟ, ಪುಟ್ಟ. ನಮ್ಮ ಗೋಡೆ ಹೋಯ್ತು. ಅಜ್ಜಿ ಅಂಚಲ್ಲಿ ಸಿಕ್ಕಿಕೊಂಡ್ಲು. ಮೇಸ್ತ್ರಿ ಮಾಮ ಗೋಡೆ ಕಟ್ಟಲ್ಲ, ಹಗ್ಗ ಇಲ್ಲ. ಕತ್ತರಿ ಚಿಕ್ಕಮ್ಮ ತುದಿ ಕತ್ತರಿಸಲ್ಲ, ಹುರಿ ಇಲ್ಲ. ಹುರಿ ತಾತ ಹುರಿ ಹೊಸೆಯಲ್ಲ, ಎಳೆ ಸರಿಯಿಲ್ಲ. ಕೊಂಡಿ ಅತ್ತೆ ಕೊಂಡಿ ಹಾಕಲ್ಲ, ಸರ ಸರಿಯಿಲ್ಲ. ಸರದ ದೊಡ್ಡಮ್ಮ ಬೇರೆ ಸರ ಪೋಣಿಸಲ್ಲ, ನೀನಿಲ್ಲ. ನೀನು ಬಾ."

"ನಾನು ಬರಲ್ಲ," ಎಂದ ಪುಟ್ಟ. "ನನ್ನ ಹತ್ರ ಏನಿದೆ? ಏನೂ ಇಲ್ಲ. ಎಲ್ಲರ ಮುಂದೆ ಕೇಳಿದ್ರು."

"ದೊಡ್ಡಮ್ಮ ನಿನಗೆ ಗಂಟು ಕಳಿಸಿದ್ದಾರೆ."

ಪುಟ್ಟ ತಲೆ ಎತ್ತಿದ. "ಎಲ್ಲಿ?"

"ಹೊರಗಿಟ್ಟೆ. ಒಳಗೆ ತರಕ್ಕಾಗಲಿಲ್ಲ."

"ಯಾಕೆ?"

"ಜಾಗ ಇಷ್ಟೇ ಇಷ್ಟು. ಗಂಟು ಹಿಡಿಸಲ್ಲ."

"ಮತ್ತೆ ನೀನು ಹೇಗೆ ಬಂದೆ?"

ಕೆಂಪಿ ತನ್ನ ಕೈ ನೋಡಿಕೊಂಡಳು. "ಬರಿಗೈಲಿ ಬಂದೆ," ಎಂದಳು.

ಪುಟ್ಟ ಯೋಚಿಸಿದ. ಕೆಂಪಿಯೂ ಯೋಚಿಸಿದಳು.

ಪುಟ್ಟ ಮೆಲ್ಲಗೆ ಹೇಳಿದ. "ಹುರಿಯ ಒಳಗೂ ಇಷ್ಟೇ ಜಾಗ. ಮೂರು ಎಳೆ ಸೇರೋ ಕಡೆ. ನಾನು ಅಲ್ಲೇ ಕೂರ್ತಿದ್ದೆ. ಅಲ್ಲಿ ಕತ್ತಲೆ. ಯಾರಿಗೂ ಕಾಣಲ್ಲ."

"ಅಲ್ಲಿಗೆ ಬೇರೆ ಯಾರು ಹೋಗಕ್ಕಾಗ್ತದೆ?" ಎಂದಳು ಕೆಂಪಿ.

ಉತ್ತರ ಪುಟ್ಟನಿಗೆ ಗೊತ್ತಿತ್ತು. ಯಾರೂ ಹೋಗಲಾರರು.

ಆಗ ಊರೆಲ್ಲ ಮತ್ತೆ ನಡುಗಿತು. ಈ ಸಲ ಜೋರಾಗಿ ನಡುಗಿತು. ದೂರದಿಂದ ಅಜ್ಜಿಯ ದನಿ ಕೇಳಿತು. "ಕೆಂಪೀ..." ಅಷ್ಟೇ ಕೇಳಿತು.

ಪುಟ್ಟ ಎದ್ದ. ಅವನ ಅಣ್ಣತಮ್ಮಂದಿರೂ ಎದ್ದರು. ಒಬ್ಬರ ಹಿಂದೆ ಒಬ್ಬರು ಸಂದಿಯಿಂದ ಹೊರಗೆ ಬಂದರು. ಹೊರಗೆ ಆ ಚಂದದ ಗಂಟು ಇತ್ತು. ಪುಟ್ಟ ಅದನ್ನು ಎತ್ತಿಕೊಂಡ. ಬೆನ್ನ ಮೇಲೆ ಇಟ್ಟು ನೋಡಿದ. ಒಂದು ಗಳಿಗೆ ಹಾಗೇ ನಿಂತ. ಅವನಿಗೆ ಅದು ತುಂಬ ಇಷ್ಟವಾಯಿತು.

ಆಮೇಲೆ ಕೆಳಗಿಟ್ಟ.

ಕೆಂಪಿ ತನ್ನ ಉಸಿರಿನ ಗಂಟನ್ನು ಮತ್ತೆ ಹೊತ್ತಳು. ಎಲ್ಲರೂ ಹೊರಟರು.

ಪುಟ್ಟ ದೊಡ್ಡಮ್ಮನ ಬಾಗಿಲಿಗೆ ಬಂದು ನಿಂತ. ಒಳಗೆ ಗಂಟು ಹೊತ್ತ ಮಣಿಗಳೆಲ್ಲ ಕೂತಿದ್ದವು. ಎಲ್ಲವೂ ತಿರುಗಿ ನೋಡಿದವು.

"ದೊಡ್ಡಮ್ಮ, ನಾನು ಬರಿಗೈಲೇ ಬಂದಿದ್ದೀನಿ," ಎಂದ ಪುಟ್ಟ.

ದೊಡ್ಡಮ್ಮ ಎದ್ದು ಬಾಗಿಲಿಗೆ ಬಂದರು. "ತಪ್ಪಾಯ್ತು ಕಣಪ್ಪ," ಎಂದರು. ಎಲ್ಲರ ಮುಂದೆ ಎಂದರು. "ಬಾ. ನಿನ್ನ ಜಾಗಕ್ಕೆ ಬಾ."

ಪುಟ್ಟ ಬಂದ.

ಪುಟ್ಟ ಬಂದ, ಸರದ ದೊಡ್ಡಮ್ಮ ಸರ ಪೋಣಿಸಿದರು. ಒಂದು ಮಣಿ, ಇನ್ನೊಂದು ಮಣಿ, ಆಮೇಲೆ ಪುಟ್ಟ. ಒಂದು ಮಣಿ, ಇನ್ನೊಂದು ಮಣಿ, ಆಮೇಲೆ ಪುಟ್ಟನ ತಮ್ಮ. ಸರದ ಉದ್ದಕ್ಕೂ ಹಾಗೇ.

ಪುಟ್ಟ ಬಂದ, ಸರದ ದೊಡ್ಡಮ್ಮ ಸರ ಪೋಣಿಸಿದರು, ಕೊಂಡಿ ಅತ್ತೆ ಕೊಂಡಿ ಹಾಕಿದರು. ಇಕ್ಕುಳ ಹೊಳೆಯುತ್ತಿತ್ತು. "ಈಗ ಸರಿಯಾಯ್ತು ನೋಡು," ಎಂದರು.

ಪುಟ್ಟ ಬಂದ, ಸರದ ದೊಡ್ಡಮ್ಮ ಸರ ಪೋಣಿಸಿದರು, ಕೊಂಡಿ ಅತ್ತೆ ಕೊಂಡಿ ಹಾಕಿದರು, ಹುರಿ ತಾತ ಹುರಿ ಹೊಸೆದರು. ಮೂರು ಎಳೆ ಹತ್ತಿರ ಬಂದವು. ಇನ್ನೂ ಹತ್ತಿರ ಬಂದವು. ಗಂಟು ಹೊತ್ತವರು ಹೊರಗಿನ ಕಡೆ ಉಳಿದರು. ಪುಟ್ಟ ಮತ್ತು ಅವನ ಅಣ್ಣತಮ್ಮಂದಿರು ಒಳಗಿನ ಕಡೆ ಹೋದರು. ಹುರಿ ಬಿಗಿಯಿತು. ತಾತ ಎಳೆದು ನೋಡಿದರು. ಬಿಚ್ಚಿಕೊಳ್ಳಲಿಲ್ಲ.

ಪುಟ್ಟ ಬಂದ, ಸರದ ದೊಡ್ಡಮ್ಮ ಸರ ಪೋಣಿಸಿದರು, ಕೊಂಡಿ ಅತ್ತೆ ಕೊಂಡಿ ಹಾಕಿದರು, ಹುರಿ ತಾತ ಹುರಿ ಹೊಸೆದರು, ಕತ್ತರಿ ಚಿಕ್ಕಮ್ಮ ತುದಿ ಕತ್ತರಿಸಿದರು. ಹೆಬ್ಬಾಗಿಲು ದಾಟಿದ ಮೇಲೇ ಕತ್ತರಿಸಿದರು. ಕಚಕ್, ಈ ಕಡೆಯ ಜುಟ್ಟು. ಕಚಕ್, ಆ ಕಡೆಯ ಜುಟ್ಟು.

ಪುಟ್ಟ ಬಂದ, ಸರದ ದೊಡ್ಡಮ್ಮ ಸರ ಪೋಣಿಸಿದರು, ಕೊಂಡಿ ಅತ್ತೆ ಕೊಂಡಿ ಹಾಕಿದರು, ಹುರಿ ತಾತ ಹುರಿ ಹೊಸೆದರು, ಕತ್ತರಿ ಚಿಕ್ಕಮ್ಮ ತುದಿ ಕತ್ತರಿಸಿದರು, ಮೇಸ್ತ್ರಿ ಮಾಮ ಗೋಡೆ ಕಟ್ಟಿದರು. ಹಗ್ಗದ ಪಕ್ಕ ಹಗ್ಗ ಇಟ್ಟರು. ತುದಿಗೆ ತುದಿ ಸಮವಾಗಿ ಇಡಲಿಲ್ಲ. ಸ್ವಲ್ಪ ಹಿಂದೆ, ಸ್ವಲ್ಪ ಮುಂದೆ ಇಟ್ಟರು. ಸಮವಾಗಿಟ್ಟರೆ ಅಲ್ಲೇ ಬಿರುಕು ಬಿಡುತ್ತದೆ, ಅದಕ್ಕೆ. ಆಮೇಲೆ ತಾಮ್ರದ ಸೂಜಿಯಿಂದ ಹಗ್ಗಕ್ಕೆ ಹಗ್ಗ ಸೇರಿಸಿ ಹೊಲಿದರು. ಅಜ್ಜಿಯ ಓಣಿಯನ್ನೂ ಕಟ್ಟಿದರು.

ಇದೆಲ್ಲ ಒಂದೇ ದಿನದಲ್ಲಿ ಆಗಲಿಲ್ಲ. ಬಹಳ ದಿನ ಹಿಡಿಯಿತು. ಅಷ್ಟು ದಿನವೂ ಅಜ್ಜಿ ಅಂಚನ್ನು ಹಿಡಿದುಕೊಂಡಿದ್ದಳು. ಕೈ ಸೋತಿತು. ಬಿಡಲಿಲ್ಲ. ಕೆಂಪಿ ಈಚೆ ಕಡೆ ನಿಂತು ದಿನವೂ ಮಾತಾಡಿಸುತ್ತಿದ್ದಳು. "ಅಜ್ಜೀ, ಇದ್ದೀಯಾ?" "ಇದ್ದೀನಿ ಮಗಾ."

ಒಂದು ಬೆಳಿಗ್ಗೆ ಹೊರಗಿನಿಂದ ದನಿ ಕೇಳಿತು.

"ಅಮ್ಮಾ, ಹಕ್ಕಳೆ ಉದುರಿಹೋಯ್ತು!"

"ಎಲ್ಲಿ, ನೋಡೋಣ. ಮಡಚು. ಮೆಲ್ಲಗೆ ಮಡಚು."

ಚಿಕ್ಕತಾಯಿ ಮೊಣಕಾಲು ಮಡಚಿದಳು.

ಊರೆಲ್ಲ ಬಾಗಿತು. ಮೇಸ್ತ್ರಿ ಮಾಮ ಉಸಿರು ಬಿಗಿಹಿಡಿದರು. ಕತ್ತರಿ ಚಿಕ್ಕಮ್ಮ ಕಣ್ಣು ಮುಚ್ಚಿಕೊಂಡರು. ಹುರಿ ತಾತ, ಕೊಂಡಿ ಅತ್ತೆ, ಸರದ ದೊಡ್ಡಮ್ಮ ಒಬ್ಬರ ಕೈ ಒಬ್ಬರು ಹಿಡಿದರು. ಗೋಡೆ ಹಿಗ್ಗಿತು. ಹಗ್ಗಗಳು ಜಗ್ಗಿದವು. ಹುರಿಗಳು ಬಿಗಿದವು. ಒಳಗೆ, ಕತ್ತಲೆಯಲ್ಲಿ, ಪುಟ್ಟ ತನ್ನ ಜಾಗದಲ್ಲಿ ಕೂತಿದ್ದ. ಅವನ ಅಣ್ಣತಮ್ಮಂದಿರು ತಮ್ಮ ತಮ್ಮ ಜಾಗದಲ್ಲಿ ಕೂತಿದ್ದರು. ಯಾರೂ ಅಲ್ಲಾಡಲಿಲ್ಲ.

ಗೋಡೆ ಬಿರಿಯಲಿಲ್ಲ.

ಓಣಿ ತೆರೆದಿತ್ತು. ಓಣಿಯ ಆ ಕೊನೆಯಿಂದ ಅಜ್ಜಿ ಮೆಲ್ಲಗೆ, ಮೆಲ್ಲಗೆ ಬಂದಳು. ಕೆಂಪಿ ಓಡಿಹೋಗಿ ಅಜ್ಜಿಯ ಕೈ ಹಿಡಿದಳು. ಇಬ್ಬರೂ ಜೊತೆಯಲ್ಲೇ ನಡೆದರು. ಎದೆಯ ಕಡೆಗೆ ನಡೆದರು. ರಕ್ತದವರೆಲ್ಲ ಮೈಯೆಲ್ಲ ಸುತ್ತಿ ಮರಳುವುದು ಅಲ್ಲಿಗೇ.

ಹೋಗಿ ಸೇರಿದರು. ನಾವೂ ಇಲ್ಲಿಗೆ ನಿಲ್ಲಿಸೋಣ.